ಮೊದಲ ಮೆಣಸಿನಕಾಯಿ

ನಾನು ಒಂದು ಬಾಣಲೆ. ಹುಟ್ಟಾ ಬಾಣಲೆಯಲ್ಲ. ದಾವಣಗೆರೆಯ ಬಟ್ಟೆ ಗಿರಣಿಯೊಂದು ಬಾಗಿಲು ಮುಚ್ಚಿ, ಅದರ ಯಂತ್ರಗಳನ್ನು ತೂಕಕ್ಕೆ ಹಾಕಿದಾಗ ನಾನು ಬರೀ ಒಂದು ದಪ್ಪ ತಗಡು. ಕಮ್ಮಾರ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಬಡಿದು ನನಗೆ ಹೊಟ್ಟೆ ಇಳಿಸಿದ, ಎರಡು ಕಿವಿ ಹಚ್ಚಿದ. ಕೊಂಡವನು ಹಾಲೇಶಪ್ಪ, ಅದೇ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವನು. ಕೆಲಸ ಕಳೆದುಕೊಂಡ ನಾವಿಬ್ಬರೂ ಬೀದಿಗೆ ಬಂದೆವು. ಮಾಲೀಕರು ಬೀದಿಗೆ ಬಂದ ಸುದ್ದಿ ಮಾತ್ರ ಇವತ್ತಿನವರೆಗೂ ಕೇಳಿಲ್ಲ.

ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಕರಿದು ಮಂಡಕ್ಕಿಯ ಜೊತೆ ಕೊಡುವುದು ನಮ್ಮ ಗಾಡಿಯ ಕೆಲಸ. ಹಾಲೇಶಪ್ಪ ಕರಿಯುತ್ತಿದ್ದ. ಅವನ ಹೆಂಡತಿ ಕೆಂಚಮ್ಮ ಗಾಡಿಯ ಹಿಂದೆ ಕೂತು ಕಾಯಿ ಸೀಳುತ್ತಿದ್ದಳು, ಹಿಟ್ಟು ಕಲಸುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು. ನಮ್ಮ ಬೀದಿಗೆ ಒಂದು ಪದ್ಧತಿ ಇತ್ತು. ಹಿಂದೊಮ್ಮೆ ಯಾವುದೋ ಗಾಡಿಯ ಕೆಟ್ಟ ಎಣ್ಣೆಯಿಂದ ಜನ ಆಸ್ಪತ್ರೆ ಸೇರಿದ ಮೇಲೆ ಶುರುವಾದದ್ದು. ಎಣ್ಣೆಗೆ ಬಿಟ್ಟ ಪ್ರತಿ ಒಬ್ಬೆಯಲ್ಲೂ ಮೊದಲು ಎದ್ದ ಮೆಣಸಿನಕಾಯಿಯನ್ನು ಕರಿದವನು ಎಲ್ಲರ ಕಣ್ಣೆದುರು ಮುರಿದು ತಿನ್ನಬೇಕು. ಆಮೇಲೆಯೇ ಗಿರಾಕಿಯ ಕೈ ಮುಂದೆ ಬರುವುದು. ಹಾಲೇಶಪ್ಪ ವರ್ಷಗಟ್ಟಲೆ ಹಾಗೆ ತಿಂದ. ಕೊನೆಗೆ ಒಂದು ದಿನ ಗಾಡಿ ತಳ್ಳುವಾಗ ಎದೆ ಹಿಡಿದುಕೊಂಡ.

ರಕ್ತ ನೋಡಿದ ಡಾಕ್ಟರು ಕೆಟ್ಟ ಕೊಬ್ಬು ಏರಿದೆ ಎಂದರಂತೆ. ಕರಿದದ್ದು ಬಿಡು, ಬೀಡಿ ಬಿಡು, ದಿನಾ ಬಿರುಸಾಗಿ ನಡಿ, ಸೊಪ್ಪು ಕಾಳು ತಿನ್ನು; ಮೂರು ತಿಂಗಳು ನೋಡೋಣ, ಇಳಿಯದಿದ್ದರೆ ಮಾತ್ರೆ. ಒಳ್ಳೆಯ ಮಾತೇ. ಅದನ್ನು ಹೇಳಿಸಿಕೊಂಡವನು ನನ್ನ ಮುಂದೆ ನಿಂತು ಹೊಟ್ಟೆ ಹೊರೆಯುವವನು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ.

ಮರುದಿನ ಸಂಜೆ ಮೊದಲ ಕಾಯಿ ಎದ್ದಿತು. ಹಾಲೇಶಪ್ಪ ಅದನ್ನು ತಟ್ಟೆಗೆ ಹಾಕಿ, ಮುರಿಯದೆ ಬಿಟ್ಟ.

"ಯಾಕಲೇ ಹಾಲೇಶಿ, ತಿನ್ನಂಗಿಲ್ಲೇನು?" ಎಂದ ಆಟೋ ಓಡಿಸುವ ಪರಮೇಶಿ. "ಗಿರಣಿ ಗ್ರೀಸ್‌ನಾಗೆ ಕರ್ದೀಯೋ ಹೆಂಗೆ?"

"ಡಾಕ್ಟ್ರು ಬ್ಯಾಡ ಅಂದಾರಪ್ಪಾ."

"ನಿನಗೆ ಬ್ಯಾಡಾಗಿದ್ದು ನಮಗ್ಯಾಕೆ ಬೇಕಲೇ?"

ಜನ ನಕ್ಕರು. ನಕ್ಕವರು ನಗುತ್ತಲೇ ಪಕ್ಕದ ಗಾಡಿಗೆ ಸರಿದರು. ಪರಮೇಶಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಟ್ಟರೆ ಒಲೆ ಆರುತ್ತದೆ. ಆಗ ಕೆಂಚಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಆ ಕಾಯಿಯನ್ನು ಎತ್ತಿ, ಮುರಿದು, ಬಾಯಿಗೆ ಹಾಕಿಕೊಂಡಳು.

"ನೋಡ್ರಪಾ, ನಾ ಸತ್ನೇನು? ಬರ್ರಿ, ಬಿಸೀದು ಐತಿ!"

ಜನ ತಿರುಗಿ ಬಂದರು. ಅಂದಿನಿಂದ ಮೊದಲ ಕಾಯಿ ಅವಳ ಪಾಲಾಯಿತು. ಸಂಜೆಗೆ ಎಷ್ಟು ಒಬ್ಬೆಯೋ ಅಷ್ಟು ಕಾಯಿ.

ರಾತ್ರಿ ನನ್ನನ್ನು ತೊಳೆದು ಅಡುಗೆಮನೆಯ ನೆಲಕ್ಕೆ ಬೋರಲು ಹಾಕುತ್ತಿದ್ದರು. ಅಲ್ಲಿಂದ ಎರಡು ತಟ್ಟೆ ಕಾಣುತ್ತಿದ್ದವು. ಹಾಲೇಶಪ್ಪನದರಲ್ಲಿ ಜೋಳದ ರೊಟ್ಟಿ, ಬೇಯಿಸಿದ ಸೊಪ್ಪು, ಮೊಳಕೆ ಬರಿಸಿದ ಹೆಸರುಕಾಳು, ಅಗಸೆ ಚಟ್ನಿ. ಕೆಂಚಮ್ಮನದರಲ್ಲಿ ಗಾಡಿಯಲ್ಲಿ ಉಳಿದ ತಣ್ಣನೆ ಮೆಣಸಿನಕಾಯಿ, ಮೆತ್ತಗಾದ ಮಂಡಕ್ಕಿ.

"ಅವ್ವಾ, ಅಪ್ಪನ ರೊಟ್ಟೀಲಿ ನೀನೂ ಒಂದು ತಿನ್ನಬಾರದೇನು?" ಎಂದು ಮಗಳು ನಾಗವೇಣಿ ಕೇಳುತ್ತಿದ್ದಳು.

"ಅದು ಪಥ್ಯದ್ದು ಕಣೇ. ರೋಗಸ್ಥರದ್ದು. ನನಗೇನಾಗೈತಿ?"

ಸೊಪ್ಪು ಕಾಳು ಅವಳಿಗೆ ಔಷಧಿಯಾಗಿ ಕಂಡಿತ್ತು. ಗಂಡನ ಔಷಧಿಯನ್ನು ಹೆಂಡತಿ ಕುಡಿಯುತ್ತಾಳೆಯೇ? ಅವಳ ತಾಯಿ ದಿನಾ ಉಂಡ ರೊಟ್ಟಿ ಸೊಪ್ಪೇ ಡಾಕ್ಟರ ಚೀಟಿಯಲ್ಲಿ ಬರೆಸಿಕೊಂಡು ಬರುವ ಹೊತ್ತಿಗೆ ಮನೆಯಲ್ಲಿ ಒಬ್ಬರ ಪಾಲಾಗಿತ್ತು. ಆ ಒಬ್ಬರು ಯಾರೆಂದು ಯಾರೂ ಚರ್ಚಿಸಲಿಲ್ಲ. ಇಂಥದಕ್ಕೆಲ್ಲ ನಮ್ಮ ಮನೆಗಳಲ್ಲಿ ಚರ್ಚೆ ಬೇಕಾಗುವುದಿಲ್ಲ.

ಬೆಳಿಗ್ಗೆ ಹಾಲೇಶಪ್ಪ ಹೈಸ್ಕೂಲು ಮೈದಾನಕ್ಕೆ ನಡೆಯಲು ಹೋಗುತ್ತಿದ್ದ. ಅವನು ಮಾಡುತ್ತಿದ್ದ ಸಾಮಾನು ತರುವ ಕೆಲಸವೂ ಈಗ ಅವಳದಾಯಿತು. ಚೀಲ ಹೊತ್ತು ಮಾರುಕಟ್ಟೆಯಿಂದ ಬಂದವಳನ್ನು ಯಾರೂ ವಾಕಿಂಗ್ ಮಾಡಿ ಬಂದಳು ಎನ್ನಲಿಲ್ಲ.

ಮೂರು ತಿಂಗಳಿಗೆ ಕೊಬ್ಬು ಇಳಿಯಿತು. ಹಾಲೇಶಪ್ಪ ಜಾಲರಿ ಸೌಟು ಎತ್ತಿ ಹಿಡಿದು ಗಿರಾಕಿಗಳಿಗೆಲ್ಲ ಸಾರಿದ: "ಬಾಯಿ ಕಟ್ಟಬೇಕ್ರೋ! ಮಾತ್ರೆ ಇಲ್ದೆ ಇಳಿಸೀನಿ. ಡಾಕ್ಟ್ರೇ ಬೆನ್ನು ತಟ್ಟಿದ್ರು." ಡಾಕ್ಟರ ಬಳಿಗೆ ಪ್ರತಿ ಸಲವೂ ಕೆಂಚಮ್ಮ ಜೊತೆಗೆ ಹೋಗಿದ್ದಳು. ಅವನ ಚೀಲ, ನೀರಿನ ಬಾಟಲಿ ಹಿಡಿದು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬಾ ಎಂದು ಡಾಕ್ಟರು ಕರೆಯಲಿಲ್ಲ. ಒಳಗೆ ಬರುವ ಕಾರಣ ತನಗೂ ಇರಬಹುದೆಂದು ಅವಳಿಗೂ ಹೊಳೆಯಲಿಲ್ಲ.

ಆಮೇಲಾಮೇಲೆ ಗಾಡಿ ತಳ್ಳುವಾಗ ಅವಳಿಗೆ ಉಸಿರು ಸಾಲದಾಯಿತು. ದವಡೆ ನೋವು, ಬೆನ್ನಿನಲ್ಲಿ ಹಿಂಡಿದ ಹಾಗೆ. "ಗ್ಯಾಸು" ಎಂದು ಸೋಡಾ ಕುಡಿಯುತ್ತಿದ್ದಳು.

"ಕರಿದದ್ದು ಜಾಸ್ತಿ ತಿನ್ಬ್ಯಾಡ ಅಂತ ನಿನಗೆ ಎಷ್ಟು ಸಲ ಹೇಳ್ಬೇಕು?" ಎಂದು ಹಾಲೇಶಪ್ಪ ಗದರಿದ. ಗದರುತ್ತಲೇ ಒಬ್ಬೆಯ ಮೊದಲ ಕಾಯಿಯನ್ನು ಅವಳ ಕಡೆ ತಳ್ಳಿದ. ಅವನು ಕೆಟ್ಟವನಲ್ಲ. ಅವನಿಗೆ ಕಾಣಲಿಲ್ಲ, ಅಷ್ಟೆ. ಕಾಣದೇ ಇರುವುದಕ್ಕೆ ಈ ಲೋಕ ಗಂಡಸರಿಗೆ ಎಷ್ಟು ಸಲೀಸಾಗಿ ಮಾಫಿ ಕೊಡುತ್ತದೆ!

ಅವತ್ತು ಜನ ಮುಗಿಬಿದ್ದಿದ್ದರು. ಕೆಂಚಮ್ಮ ಕಾಯಿ ತಿಂದಳು, ದವಡೆ ಒತ್ತಿಕೊಂಡಳು, ನನ್ನ ಕಿವಿ ಹಿಡಿಯಲು ಕೈ ಚಾಚಿದಳು, ಹಿಡಿಯದೆ ಕೆಳಗೆ ಕೂತಳು. ಕೂತವಳು ಮಗ್ಗುಲಿಗೆ ವಾಲಿದಳು. ನನ್ನೊಳಗಿದ್ದ ಒಬ್ಬೆ ಸೀದು ಇದ್ದಿಲಾಯಿತು. ಪರಮೇಶಿಯ ಆಟೋ ಆಸ್ಪತ್ರೆ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತ್ತು.

"ಪುಣ್ಯವಂತೆ, ಮುತ್ತೈದೆ ಸಾವು. ಗಂಡನ್ನ ಉಳಿಸಿಕೊಂಡು ಹೋದ್ಲು," ಎಂದರು ಬಂದವರು. ಕುಂಕುಮ ಹಚ್ಚಿದರು, ಮಡಿಲು ತುಂಬಿದರು. ಮೂಲೆಯಲ್ಲಿ ಬಿದ್ದಿದ್ದ ನನಗೆ ಬಾಯಿದ್ದರೆ ಕಿರುಚುತ್ತಿದ್ದೆ: ಪುಣ್ಯವಲ್ಲ ಇದು, ಎಣ್ಣೆ! ಗಂಡನ ರಕ್ತದಿಂದ ಇಳಿಸಿದ್ದನ್ನು ನೀವೆಲ್ಲ ಸೇರಿ ಅವಳ ರಕ್ತಕ್ಕೆ ಏರಿಸಿದಿರಿ. ಅದಕ್ಕೆ ಮಲ್ಲಿಗೆ ದಂಡೆ ಬೇರೆ!

ತಿಥಿ ಕಳೆದ ಮೇಲೆ ಗಾಡಿ ಮತ್ತೆ ನಿಂತಿತು. ಕಾಯಿ ಸೀಳಲು ನಾಗವೇಣಿ ಬಂದಳು. ಮೊದಲ ಕಾಯಿ ಎದ್ದಿತು. ಗಿರಾಕಿಗಳು ಕಾದರು. ಹಾಲೇಶಪ್ಪ ಮಗಳ ಮುಖ ನೋಡಿದ.

"ಈಗ ನನ್ನ ಸರದಿ ಏನಪ್ಪಾ?" ಎಂದಳು ಅವಳು.

ಪರಮೇಶಿ ತಲೆ ತಗ್ಗಿಸಿದ. ಹಾಲೇಶಪ್ಪನ ಕೈಯಿಂದ ಸೌಟು ಜಾರಿತು. ಅವನು ಗಾಡಿಯ ಗಾಲಿಗೆ ಒರಗಿ ಕೂತು, ಸಾವಿನ ದಿನ ಅಳದಿದ್ದವನು, ಗೋಳೋ ಎಂದು ಅತ್ತ. ನಾಗವೇಣಿ ಒಲೆ ಆರಿಸಿದಳು. ನಾನು ತಣ್ಣಗಾಗುವ ತನಕ ಕಾದು, ಎಣ್ಣೆ ಬಗ್ಗಿಸಿ, ಗುಜರಿ ಅಂಗಡಿಗೆ ಹೊತ್ತು ಹಾಕಿದಳು.

ಈಗ ಗುಜರಿಯ ಸಣ್ಣಪ್ಪನ ಅಂಗಳದಲ್ಲಿ ಮುರಿದ ಸೈಕಲ್ಲುಗಳ ನಡುವೆ ತುಕ್ಕು ಹಿಡಿಯುತ್ತಿದ್ದೇನೆ. ಕಬ್ಬಿಣಕ್ಕೆ ಪಾಪ ಹತ್ತುವುದಿಲ್ಲ ಎಂದು ನನ್ನನ್ನು ನಾನು ಬಿಟ್ಟುಬಿಡಬಹುದು. ಬಿಡಲಾರೆ. ಅವಳು ತಿಂದದ್ದೆಲ್ಲ ನನ್ನ ಹೊಟ್ಟೆಯಿಂದಲೇ ಎದ್ದದ್ದು.

ನಾಗವೇಣಿ ಓಣಿಯ ಹೆಂಗಸರನ್ನು ಮನೆ ಮನೆಯಿಂದ ಎಬ್ಬಿಸಿ ಸರ್ಕಾರಿ ಆಸ್ಪತ್ರೆಗೆ ರಕ್ತ ಪರೀಕ್ಷೆಗೆ ಕರೆದೊಯ್ಯುತ್ತಾಳಂತೆ. ಇವತ್ತು ಬೆಳಿಗ್ಗೆ ಸಣ್ಣಪ್ಪನ ಹೆಂಡತಿ ಪಾರ್ವತಮ್ಮ ಖಾಲಿ ಹೊಟ್ಟೆಯಲ್ಲೇ ಸೆರಗು ಸರಿಮಾಡಿಕೊಂಡು ಹೊರಟಳು.

"ಎಲ್ಲಿಗೇ? ನನ್ನ ನಾಷ್ಟಾ ಯಾರು ಮಾಡ್ತಾರೆ? ನಿನಗೇನಾಗೈತೀಗ?" ಎಂದು ಸಣ್ಣಪ್ಪ ಕೂಗಿದ.

ಅವಳು ನನ್ನನ್ನು ದಾಟಿ ಗೇಟು ತೆರೆದಳು.

"ಅದನ್ನೇ ನೋಡ್ಕಂಡ್ ಬರ್ತೀನಿ," ಎಂದಳು.