ದೇರಪ್ಪನ ಬಡಿತ

ಬೀರ ಚಟ್ಟಕ್ಕೆ ಬಿದಿರು ಸೀಳುತ್ತಿದ್ದಲ್ಲಿಗೇ ಪೂವಮ್ಮ ಬಂದು ನಿಂತಳು. ಗಂಡ ದೇರಪ್ಪ ಒಳಗೆ ಚಾಪೆಯ ಮೇಲಿದ್ದ. ಜ್ವರ ಬೆಳಗಿನ ಜಾವ ಅವನನ್ನು ಮುಗಿಸಿತ್ತು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಬಂದ ಹೆಂಗಸರು ಅವಳ ಕಣ್ಣನ್ನೇ ಕಾದು ಕಾದು ಸೋತು, ಕಡೆಗೆ ತಾವೇ ಅತ್ತು ಮುಗಿಸಿದ್ದರು.

"ಬೀರ, ಅವ್ರ್‌ನ ಎತ್ತುವಾಗ ಆವತ್ತು ಕ್ಲಬ್ಬಿಲಿ ಬಡ್ದ ಹಾಂಗೆ ಬಡಿ," ಎಂದಳು.

ಬೀರನ ಕತ್ತಿ ನಿಂತಿತು. "ಅಮ್ಮಾ, ಸಾವಿಗೆ ಅಂತ ಬೇರೆ ಬಡಿತ ಉಂಟು, ನಿಧಾನದ್ದು. ದೊಡ್ಡ ಗೌಡ್ರು ಬಿಡ್ತಾರಾ?"

ದೊಡ್ಡ ಗೌಡರೆಂದರೆ ದೇರಪ್ಪನ ಅಣ್ಣ ನಾಣಯ್ಯ. ಜಗಲಿಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ, ಕಿವಿ ಮಾತ್ರ ಅಂಗಳದಲ್ಲಿತ್ತು.

"ಪೂವಮ್ಮ, ಬದುಕಿದ್ದಾಗ ಅವಂಗೆ ಮರ್ಯಾದೆ ಇತ್ಲೆ. ಸತ್ತ ಮೇಲಾದ್ರೂ ಇರ್ಲಿ."

"ಅವ್ರು ಕೇಳಿದ್ದು ಅದೊಂದೇ, ಬಾವ."

"ಜ್ವರಲಿ ಕೇಳಿದ್ದಕ್ಕೆಲ್ಲ ಅರ್ಥ ಉಟ್ಟಾ?" ಎಂದು ನಾಣಯ್ಯ ಉಗಿದು ಬಂದ. ಮಾತು ಅಲ್ಲಿಗೆ ಮುಗಿಯಿತು.

*

ಕೊಡಗು ಮೈಸೂರಿಗೆ ಸೇರಿದ ವರ್ಷ. ಚೆಟ್ಟಳ್ಳಿಯ ಹತ್ತಿರ ಒಂದು ಪುಟ್ಟ ಕ್ಲಬ್ಬಿನಲ್ಲಿ ದೇರಪ್ಪ ಬಿಲಿಯರ್ಡ್ಸ್ ಮೇಜು ಒರೆಸುತ್ತಿದ್ದ. ಶನಿವಾರ ಸಂಜೆ ಡ್ರಮ್ ಬಡಿಯುವವನೂ ಅವನೇ. ಜೊತೆಗೆ ಎಸ್ಟೇಟ್ ರೈಟರನ ಪಿಟೀಲು, ಬೇಕರಿಯವನ ಕಹಳೆ. ದಣಿಗಳು ಹೆಂಡಿರ ಸೊಂಟ ಹಿಡಿದು ತೂಕಡಿಸುತ್ತ ತಿರುಗುವಷ್ಟು ಮೆಲ್ಲಗೆ ನುಡಿಸಬೇಕು, ಪಗಾರ ಅದಕ್ಕೇ. ಚರ್ಮ ಬಡಿಯುವುದು ಮೇದರ ಕೆಲಸ, ಗೌಡರ ಮಗನದಲ್ಲ ಎಂದು ನಾಣಯ್ಯ ತಮ್ಮನೊಡನೆ ಮಾತು ಬಿಟ್ಟಿದ್ದ.

ಒಂದು ಸಂಜೆ ದೇರಪ್ಪ ಮೇದರ ಬೀರನನ್ನು ಅವನ ಚರ್ಮವಾದ್ಯ ಪರೆಯ ಸಮೇತ ಹಿಂಬಾಗಿಲಿನಿಂದ ಒಳಗೆ ಕರೆತಂದು, "ಇವತ್ತು ನಮ್ಮದು," ಎಂದ. ಆಮೇಲೆ ಆದದ್ದನ್ನು ಸಂಗೀತ ಎಂದವರು ಯಾರೂ ಇಲ್ಲ. ಡ್ರಮ್ಮೂ ಪರೆಯೂ ಒಟ್ಟಿಗೆ ಹುಚ್ಚೆದ್ದವು. ರೈಟರ್ ಪಿಟೀಲನ್ನು ಗೀರಿದ, ಕಹಳೆಯವನು ಊದಿ ಊದಿ ಕೆಂಪಾದ. ದೇರಪ್ಪ ಬಾಯಿ ತೆರೆದು ಹೊಟ್ಟೆಯಾಳದಿಂದ ಕಾಡುಹಂದಿಯ ಹಾಗೆ ಗುರುಗುಟ್ಟಿದ. ಕಿಟಕಿಯ ಗಾಜು ನಡುಗಿತು. ದಣಿಗಳು ಕಿವಿ ಮುಚ್ಚಿಕೊಂಡು ಎದ್ದು ಹೋದರು.

ಕ್ಲಬ್ಬಿನ ಹಿಂಬದಿಯಲ್ಲಿ ಗ್ಲಾಸು ತೊಳೆಯುತ್ತಿದ್ದ ಪೂವಮ್ಮನಿಗೆ ಎದೆಯಲ್ಲಿ ಕಟ್ಟಿದ್ದೇನೋ ಬಿಚ್ಚಿಕೊಂಡಿತು. ಸುಮ್ಮನೆ ನಕ್ಕಳು. ಅಷ್ಟು ಸುಖ ಅವಳಿಗೆ ಮತ್ತೆ ಸಿಗಲಿಲ್ಲ.

ಮರುದಿನ ಕೆಲಸ ಹೋಯಿತು. ಆಮೇಲೆಲ್ಲ ದೇರಪ್ಪ ಕಾಫಿಗಿಡಕ್ಕೆ ಔಷಧಿ ಹೊಡೆದುಕೊಂಡು ಬದುಕಿದ. ಸದ್ದಿಲ್ಲದ ಮನುಷ್ಯ, ಪಾಪ ಎಂದು ಊರು ಹೊಗಳಿತು.

*

ಚಟ್ಟ ಎದ್ದಿತು. ಮುಂದಿನ ಬಲಗಡೆ ನಾಣಯ್ಯನ ಹೆಗಲು. ಒಮ್ಮೆ ಹೆಗಲೇರಿದ್ದನ್ನು ಮಸಣ ಮುಟ್ಟುವ ತನಕ ಇಳಿಸುವಂತಿಲ್ಲ, ಅದು ಅವರ ಕಟ್ಟಳೆ. ಎಲ್ಲರಿಗಿಂತ ಮುಂದೆ ಬೀರ, ನಿಧಾನದ ಬಡಿತ. ಪೂವಮ್ಮ ತೋಟದ ಇಳಿಜಾರಿನ ತನಕ ಹಿಂದೆ ಬಂದಳು. ಅವಳಿಗೆ ಏನೂ ಅನಿಸಲಿಲ್ಲ. ಯಾರದೋ ಹೆಣ, ಯಾರದೋ ಪರೆ.

"ಬೀರ, ನಾ ಹೇಳ್ದ್ ಇದಲ್ಲ," ಎಂದಳು ಎರಡು ಬಡಿತಗಳ ನಡುವೆ, ಜೋರಾಗಿಯೇನಲ್ಲ.

ಪರೆ ನಿಂತಿತು.

"ಎಂತಕೆ ನಿಲ್ಸ್‌ದೆ? ಬಡಿ," ಎಂದ ನಾಣಯ್ಯ.

ಬೀರ ತಿರುಗಿ ಚಟ್ಟದ ಕಡೆ ನೋಡಿದ. "ಗೌಡ್ರೇ, ನಿಮ್ಮ ಅಂಗಳ ದಾಟಿ ನಾನು ಒಳಗೆ ಬಂದವನಲ್ಲ. ಹಿಂಬಾಗಿಲಲ್ಲೇ ಆಗ್ಲಿ, ಒಳಗೆ ಕರೆದವ್ರು ಇವ್ರೊಬ್ರೇ."

ಮತ್ತೆ ಕೋಲೆತ್ತಿ ಆವತ್ತು ಕ್ಲಬ್ಬಿನಲ್ಲಿ ಬಡಿದ ಹಾಗೆ ಬಡಿದ. ಆ ಸದ್ದಿಗೆ ಕಾಫಿಗಿಡದೊಳಗಿನ ಹಕ್ಕಿಗಳು ಎದ್ದವು. ಹೊತ್ತವರು ಮೊದಲು ಮುಗ್ಗರಿಸಿದರು, ಆಮೇಲೆ ಬೀಸಾಗಿ ನಡೆದರು. ಇಳಿಜಾರು ಬೇರೆ, ನಡಿಗೆ ಓಟವಾಯಿತು. ಇಳಿಸುವಂತಿಲ್ಲ, ಬಿಡುವಂತಿಲ್ಲ. ಪೂವಮ್ಮ ಇಳಿಜಾರಿನ ಮೇಲ್ತುದಿಯಲ್ಲಿ ನಿಂತು ನೋಡಿದಳು. ನಾಣಯ್ಯ ಬಿದಿರನ್ನು ತಬ್ಬಿ ಹಿಡಿದು ಬೈಯುತ್ತಲೇ ಇದ್ದ. ಬೈಗುಳ ಯಾರಿಗೂ ಕೇಳಿಸಲಿಲ್ಲ. ಕಾಲು ಮಾತ್ರ ತಮ್ಮನ ಬಡಿತಕ್ಕೆ ಒಂದೂ ತಪ್ಪದೆ ಬೀಳುತ್ತಿತ್ತು.