ಎರಡೂ ಕಡೆ ತಿರುವಿದ ವಾಯರು

"ಅಲ್ಲೂ ಇನ್ನೂ ಕೆಂಪ ಐತಂತ್ರಿ," ಎಂದಳು ಪೂನಮ್, ರಿಸೀವರಿನ ಬಾಯಿಗೆ ಅಂಗೈ ಮುಚ್ಚಿಕೊಂಡು. "ರಾಮದುರ್ಗದ ಕಡೆ ಸರಿ ಐತೇನು ಅಂತ ಕೇಳಾಕ ಹತ್ತ್ಯಾರ ನಿಮ್ಮ ತಮ್ಮ."

"ನನ್ನ ಕಡೆ ಸರಿ ಐತಿ ಅಂತ ಹೇಳು," ಎಂದ ದುಂಡಪ್ಪ. "ಅಂವನಽ ಏನರ ಉಲ್ಟಾ ಮಾಡಿರತಾನ. ಹುಟ್ಟಿದಾಗಿಂದ ಅವಂದು ಹಂಗಽ."

ರಾಮದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮುಂಜಾನೆಯಿಂದ ಇದೇ ಪುರಾಣ. ಸಾಲಹಳ್ಳಿಯ ತನಕ ಹೊಸ ಗಾಜಿನೆಳೆಯ ಕೇಬಲ್ ಹೂತು ಮುಗಿದಿತ್ತು. ಈ ತುದಿಗೆ ದುಂಡಪ್ಪ, ಆ ತುದಿಗೆ ಅವನ ಒಡಹುಟ್ಟಿದ ತಮ್ಮ ಸುಭಾಸ. ಯಂತ್ರದ ದೀಪ ಹಸಿರಾಗುವ ತನಕ ಯಾರೂ ಕದಲಬಾರದೆಂದು ಸಾಹೇಬರ ಹುಕುಂ. ಆದರೆ ಅಣ್ಣತಮ್ಮಂದಿರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಮನೆ ಪಾಲಾದಾಗ ನಡುವಿನ ಬಾಗಿಲನ್ನು ಯಾರು ಮುಚ್ಚಬೇಕೆಂದು ಜಗಳ ಹತ್ತಿ, ಕಡೆಗೆ ಇಬ್ಬರೂ ತಂತಮ್ಮ ಕಡೆಯಿಂದ ಇಟ್ಟಂಗಿ ಕಟ್ಟಿಸಿದ್ದರು. ಒಂದು ಬಾಗಿಲಿಗೆ ಎರಡು ಗೋಡೆ! ಓಣಿಯೇ ನಕ್ಕಿತ್ತು. ಹೀಗಾಗಿ ಹಳೆಯ ಲೈನಿನಲ್ಲಿ ಅವರ ಮಾತೆಲ್ಲ ಆಪರೇಟರ್ ಪೂನಮ್‌ಳ ಬಾಯಿಂದಲೇ ಹೋಗಬೇಕಿತ್ತು, ಅವಳ ಬಾಯಿಂದಲೇ ಬರಬೇಕಿತ್ತು.

"ನಾಕರ ಬಸ್ಸಿಗೆ ಹೋಗಬೇಕಂತ್ರಿ ಅವರು."

"ಅವಗೇನ ಅಂಥಾ ಅವಸರ? ಬುಡಕ ಬೆಂಕಿ ಬಿದ್ದೈತೇನು?"

ಪೂನಮ್ ಅವನ ಮುಖವನ್ನೇ ನೋಡಿದಳು. "ಸಪ್ನಾ ಅಕ್ಕಾರನ್ನ ಧಾರವಾಡ ದವಾಖಾನ್ಯಾಗ ಇಟ್ಟಾರಲ್ರಿ. ಹೆರಿಗಿ ಕಠಿಣ ಐತಂತ, ಸಂಜೀಕ ಆಪರೇಶನ್. ಈ ಬಸ್ ತಪ್ಪಿದ್ರ ಮತ್ತ ನಾಳೀಗೇ. ತಮ್ಮನ ಹೆಂಡ್ತಿ ಸುದ್ದಿ ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿರಲಿಲ್ಲ. ಸಪ್ನಾ ಬಸುರಿ ಎಂಬುದು ಗೊತ್ತಿತ್ತು. ಮುಂಜಾನೆ ಗೋಡೆಯಾಚೆ ವಾಂತಿ ಮಾಡಿಕೊಳ್ಳುವ ಸಪ್ಪಳ ಕೇಳಿದ್ದ. ಆಮೇಲೆ ಸಪ್ಪಳ ನಿಂತಿತ್ತು. ಬಾಣಂತನಕ್ಕೆ ತವರಿಗೆ ಹೋದಳೆಂದುಕೊಂಡಿದ್ದ. ಅವನಿಗೆ ಕಸಿವಿಸಿಯಾಯಿತು, ಹಿಂದೆಯೇ ಸಿಟ್ಟೂ ಬಂತು. ಒಂದು ಮಾತು ಹೇಳಬಾರದಿತ್ತೇ ಅವನು? ಗಡಿಯಾರ ನೋಡಿದ. ಮೂರು ಹೊಡೆದು ಹೋಗಿತ್ತು.

ಕೆಲಸವೆಂದರೆ ಇಷ್ಟೇ. ಹಳದಿ ವಾಯರಿನಲ್ಲಿ ಎರಡು ಎಳೆ. ಒಂದು ಬೆಳಕನ್ನು ಕಳಿಸುತ್ತದೆ, ಇನ್ನೊಂದು ಆ ಕಡೆಯದನ್ನು ತರುತ್ತದೆ. ಇಲ್ಲಿ ಕಳಿಸುವುದು ಅಲ್ಲಿ ತೆಗೆದುಕೊಳ್ಳುವ ತೂತಿಗೇ ಹೋಗಿ ಸೇರಬೇಕು. ಕಳಿಸುವುದಕ್ಕೆ ಕಳಿಸುವುದೇ ಎದುರಾದರೆ ದೀಪ ಕೆಂಪು. ಆಗ ಯಾವುದಾದರೂ ಒಂದು ಕಡೆ ತುದಿಗಳನ್ನು ಅದಲುಬದಲು ಮಾಡಿದರೆ ಮುಗಿಯಿತು.

ಪೂನಮ್ ರಿಸೀವರ್ ಇಟ್ಟಳೋ ಇಲ್ಲವೋ, ದುಂಡಪ್ಪ ಎರಡೂ ತುದಿ ಕಿತ್ತ. ಬಾಯಲ್ಲಿ ಸರಿ ಐತಿ ಎಂದಿದ್ದರೂ ಒಳಗೆ ಅನುಮಾನವಿತ್ತು. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಸಿಕ್ಕಿಸಿದ. ಕೆಂಪು. ಪೂನಮ್ ಫೋನು ಹಚ್ಚಿದಳು. "ಅವರೂ ನನ್ನ ಕಡೆ ಸರಿ ಐತಿ ಅಂತಾರ." ಅವಳು ಇಟ್ಟೊಡನೆ ಮತ್ತೆ ಕಿತ್ತ, ಒರೆಸಿದ, ತಿರುವಿದ. ಮತ್ತೂ ಕೆಂಪು. ಟೇಬಲ್ ಮೇಲಿನ ಚಹಾ ಆರಿ ಕೆನೆಗಟ್ಟಿತು. ಅವನು ಕುರ್ಚಿಯಲ್ಲಿ ಕೂತ, ಎದ್ದ, ಕಿಟಕಿಯ ತನಕ ಹೋಗಿ ಬಂದ.

"ಮತ್ತೊಮ್ಮಿ ಕೇಳು," ಎಂದು ಹೇಳಿ ವಾಯರುಗಳ ಕಬ್ಬಿಣದ ಫ್ರೇಮಿನ ಹಿಂದೆ ಹೋದ. ಈ ಸಲ ಪೂನಮ್ ರಿಸೀವರ್ ಇಡಲಿಲ್ಲ. ಕಿವಿಗೆ ಹಿಡಿದುಕೊಂಡೇ ಫ್ರೇಮಿನ ಸಂದಿಯಿಂದ ಅವನ ಕೈ ನೋಡುತ್ತಿದ್ದಳು.

"ಅಣ್ಣಾರ, ಈಗೇನ ಮಾಡಿದ್ರಿ?"

"ಒರಸಿದ್ನಿ."

"ಸುಳ್ಳ ಹೇಳಬ್ಯಾಡ್ರಿ, ತಿರುವಿದ್ರಿ! ಅಲ್ಲೀನೂ ಟಕ್ ಟಕ್ ಅಂತು, ನಾ ಕೇಳೇನಿ. ನೀವು ತಿರುವೂ ಹೊತ್ತಿಗೇ ಅವರೂ ತಿರುವಿದ್ರ ಹಸರ ಎಲ್ಲಿಂದ ಬರಬೇಕ್ರಿ?" ರಿಸೀವರನ್ನು ಅವನ ಎದೆಗೆ ಚಾಚಿದಳು. "ತೊಗೋರಿ, ನೀವಽ ಮಾತಾಡ್ರಿ. ನನಗ ಸಾಕಾತು."

ದುಂಡಪ್ಪ ತೆಗೆದುಕೊಂಡ. ಆ ಕಡೆ ಉಸಿರಾಡುವುದು ಕೇಳುತ್ತಿತ್ತು.

"ಸುಭಾಸ," ಎಂದ.

ಉಸಿರು ನಿಂತಿತು. "ಅಣ್ಣಾ."

"ನೀ ಕೈ ಕಟ್ಟಿಗೊಂಡು ನಿಂದರು. ನಂದಽ ಉಲ್ಟಾ ಐತಿ. ನಾ ಒಬ್ಬಾಂವನಽ ತಿರುವತೇನಿ."

"ಇಲ್ಲಣ್ಣಾ, ನಂದೂ ಇರಬಹುದು, ನಾನಽ…"

"ಮುಟ್ಟಬ್ಯಾಡ ಅಂದ್ನೆಲ್ಲೋ!"

ರಿಸೀವರನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ತುದಿಗಳನ್ನು ಕಿತ್ತ. ಒಂದು ಸಿಕ್ಕಿಸಿದ, ಇನ್ನೊಂದು ಸಿಕ್ಕಿಸಿದ. ದೀಪ ಆರಿತು, ಆಮೇಲೆ ಹಸಿರಾಗಿ ನಿಂತಿತು.

"ಬಂತಣ್ಣಾ! ಇಲ್ಲೂ ಬಂತು!"

"ಬಂತಂದ್ರ ಇನ್ನೂ ಯಾಕ ನಿಂತಿ? ಓಡು! ಸಾಹೇಬ್ರಿಗೆ ನಾ ಹೇಳತೇನಿ."

"ಮನ್ಯಾಗ ವೈನಿಗಿ ಸಪ್ನಾನ ಸುದ್ದಿ ಹೇಳಣ್ಣಾ," ಎಂದ ಸುಭಾಸ, ಅತ್ತಿಗೆಯನ್ನು ನೆನೆದು. ಬಳಿಕ ರಿಸೀವರ್ ಟೇಬಲ್ ಮೇಲೆ ಬಿದ್ದ ಸದ್ದು. ಗಡಿಬಿಡಿಯಲ್ಲಿ ಅದನ್ನು ಜಾಗಕ್ಕೆ ಇಟ್ಟಿರಲಿಲ್ಲ. ಚಪ್ಪಲಿ ಓಡಿದ ಸಪ್ಪಳ, ಬಾಗಿಲು. ಸಾಲಹಳ್ಳಿಯ ಎಕ್ಸ್‌ಚೇಂಜಿನ ಎದುರಿಗೇ ಬಸ್ಸು ನಿಲ್ಲುವುದು. ಅದರ ಹಾರ್ನು ಕೇಳಿಸಿತು. ಯಾರೋ "ಹೋಲ್ಡಾನ್, ಹೋಲ್ಡಾನ್!" ಎಂದು ಕೂಗಿದರು.

"ಕೆಲಸ ಆತಲ್ರಿ, ಇಡ್ರಿ ಇನ್ನ," ಎಂದಳು ಪೂನಮ್.

ದುಂಡಪ್ಪ ಕೈ ಅಡ್ಡ ಹಿಡಿದ. "ತಡಿಯವಾ. ಬಸ್ ಹತ್ತಲಿ."

ದೂರದಲ್ಲಿ "ರೈಟ್" ಎಂದದ್ದು ಕೇಳಿತು. ಬಸ್ಸಿನ ಸದ್ದು ಸಣ್ಣದಾಗುತ್ತ ಹೋಯಿತು. ಆಮೇಲೆ ತಮ್ಮನ ಖಾಲಿ ಕೋಣೆಯಲ್ಲಿ ಫ್ಯಾನೊಂದು ಕಿರುಗುಡುತ್ತ ತಿರುಗುವುದಷ್ಟೇ ಕೇಳಿಸತೊಡಗಿತು. ದುಂಡಪ್ಪ ಕುರ್ಚಿ ಎಳೆದುಕೊಂಡು ಕೂತು, ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.