ಹಿಂದೆ ನಿಂತು ಕೂಗುವವನು

"ಮೂರು ಜನದ ಪಂದ್ಯಾನಾ, ಐದು ಜನದ್ದಾ? ಸಂಜೆಯೊಳಗೆ ಹೇಳ್ಬೇಕಂತೆ," ಎಂದು ಕೊಕ್ಕರೆ ಫೋನನ್ನು ಮೇಜಿನ ಮೇಲಿಟ್ಟ. ಉದ್ದ ಕಾಲಿನ ಅವನಿಗೆ ತಂಡದವರು ಇಟ್ಟ ಹೆಸರು ಅದು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ವರು ಕುಳಿತಿದ್ದರು. ಅಂಗಡಿ ಅಕ್ಕನದು; ಬಣ್ಣದ ಗುಂಡು ಹೊಡೆದಾಡುವ ಪೇಂಟ್‌ಬಾಲ್ ತಂಡಕ್ಕೂ ಅವಳೇ ನಾಯಕಿ. ಗಾಜು ಉಜ್ಜುವ ಯಂತ್ರದ ಪಕ್ಕ ಐದು ಬಂದೂಕಿನ ಚೀಲಗಳು ಗೋಡೆಗೊರಗಿದ್ದವು. ಐದನೆಯದು ಅವಳ ತಮ್ಮನದು. ಬೈಕ್ ಅಪಘಾತದಲ್ಲಿ ಅವನು ತೀರಿಕೊಂಡ ಮೇಲೆ ಒಂದು ಚಳಿಗಾಲ ಕಳೆದಿತ್ತು. ಅಂದು ಬೈಕ್ ಓಡಿಸುತ್ತಿದ್ದವನು ಅವನ ಜೀವದ ಗೆಳೆಯ, ಎಲೆಕ್ಟ್ರಿಷಿಯನ್. ಅವನೂ ಈಗ ಬಾಗಿಲ ಬಳಿಯ ಸ್ಟೂಲಿನ ಮೇಲೆ ಮುದುಡಿ ಕುಳಿತಿದ್ದ. ತಪ್ಪೆಲ್ಲ ಎದುರಿಗೆ ಬಂದ ಲಾರಿಯದೆಂದು ಎಲ್ಲರೂ ಹೇಳಿದ್ದರು. ಅಕ್ಕನೂ ಹೇಳಿದ್ದಳು. ಆದರೆ ಆಮೇಲೆ ಒಂದು ದಿನವೂ ಅವನ ಮುಖ ನೋಡಿ ಮಾತಾಡಿರಲಿಲ್ಲ.

"ಐದೇ ಇರ್ಲಿ," ಎಂದಳು ಶಾಲೆಯ ಟೀಚರ್. "ನಮ್ಗೆ ಅದೇ ರೂಢಿ. ಒಬ್ಬರನ್ನ ಹುಡುಕಿದ್ರಾಯ್ತು."

"ಯಾರನ್ನ ಹುಡುಕ್ತೀಯ?" ಅಕ್ಕನ ದನಿ ಏರಿತು, ಏರಿದಷ್ಟೇ ಬೇಗ ತಗ್ಗಿತು. "ಐದು ಜನದ ಆಟಕ್ಕೆ ಮೈದಾನ ದೊಡ್ಡದು. ಹಿಂದೆ ನಿಂತು ಕೂಗಿ ಹೇಳೋರು ಬೇಕು. ಮೂರು ಜನದ್ದು ಚಿಕ್ಕದು, ಬೇಗ ಮುಗಿಯತ್ತೆ. ಈ ಸಲಕ್ಕೆ ಅದೇ ಸಾಕು."

ಹಿಂದೆ ನಿಂತು ಕೂಗುತ್ತಿದ್ದವನು ಎಲೆಕ್ಟ್ರಿಷಿಯನ್. ಎದುರಾಳಿ ಯಾವ ಮರೆಯಲ್ಲಿ ಅಡಗಿದ್ದಾನೆಂದು ಅವನು ಕೂಗಿದರೆ, ಅಕ್ಕನ ತಮ್ಮ ಹಿಂದೆ ಮುಂದೆ ನೋಡದೆ ಅತ್ತ ನುಗ್ಗುತ್ತಿದ್ದ. ಮೂವರೆಂದರೆ ಹೊರಗುಳಿಯುವವರು ಯಾರೆಂದು ಯಾರೂ ಕೇಳಲಿಲ್ಲ. ಟೀಚರ್ ಕಿಟಕಿಯತ್ತ ತಿರುಗಿದಳು.

"ಮೂರೇ ಸರಿ ಅಕ್ಕ," ಎಂದ ಎಲೆಕ್ಟ್ರಿಷಿಯನ್. "ನನ್ನ ಮೊಣಕಾಲು ಇನ್ನೂ ನೆಟ್ಟಗಾಗಿಲ್ಲ. ನಾನೇ ಹೇಳೋಣ ಅಂತಿದ್ದೆ."

ತುಸು ಮುಂಚೆಯಷ್ಟೇ ಅವನು ಏಣಿ ಹತ್ತಿ ಅಂಗಡಿಯ ದೀಪ ಸರಿಮಾಡಿದ್ದನ್ನು ಎಲ್ಲರೂ ನೋಡಿದ್ದರು.

"ಹಾಗಿದ್ರೆ ಮೂರು," ಎಂದ ಅಕ್ಕ ತಾನೇ ಫೋನ್ ಮಾಡಿ ತಿಳಿಸಿಬಿಟ್ಟಳು.

ಪಂದ್ಯಕ್ಕೆ ಅವನು ಬರಲಾರನೆಂದುಕೊಂಡಿದ್ದಳು. ಬಂದ. ಬಣ್ಣದ ಗುಂಡುಗಳನ್ನು ಡಬ್ಬಿಗಳಿಗೆ ತುಂಬಿಕೊಟ್ಟ, ಗಾಳಿಯ ಸಿಲಿಂಡರ್‌ಗಳನ್ನು ನೋಡಿಕೊಂಡ. ಆಟ ಶುರುವಾದಾಗ ಮೈದಾನದ ಸುತ್ತಲ ಬಲೆಯಾಚೆ ನಿಂತ. ಅಲ್ಲಿಂದ ಕೂಗುವುದು ನಿಯಮಕ್ಕೆ ವಿರುದ್ಧ. ಬಾಯಿ ತೆರೆದವನು ಅಂಗೈಯಿಂದ ಮುಚ್ಚಿಕೊಂಡ. ಅಕ್ಕನ ಮುಖವಾಡಕ್ಕೆ ಫಟ್ಟೆಂದು ಗುಂಡು ಬಡಿದು ಕಣ್ಣೆದುರು ಹಸಿರು ಕವಿಯಿತು. ಔಟಾದ ಅವಳು ಕೈಯೆತ್ತಿ ಹೊರಬಂದಳು.

"ಎಡಗಡೆಯಿಂದ ಬಂದ, ಕಾಣ್ಲಿಲ್ವಾ ಅಕ್ಕ?" ಅವನು ಒರೆಸಿಕೊಳ್ಳಲು ಬಟ್ಟೆ ಚಾಚಿದ.

"ಯಾರೂ ಹೇಳ್ಲಿಲ್ಲ," ಎಂದುಬಿಟ್ಟಳು. ಆಡಿದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಬಟ್ಟೆ ತೆಗೆದುಕೊಂಡಳು, ಅವನು ಡಬ್ಬಿಗಳ ಕಡೆ ಹೋದ.

ಮೊದಲ ಸುತ್ತಿನಲ್ಲೇ ಸೋತರು. ಹಿಂತಿರುಗುವಾಗ ವ್ಯಾನ್ ಓಡಿಸುತ್ತಿದ್ದವಳು ಅಕ್ಕ. ಮೈದಾನದ ತಿರುವು ದಾಟಿದೊಡನೆ ಬಸ್ ನಿಲ್ದಾಣದ ತಗಡಿನ ಚಾವಣಿಯಡಿ ಎಲೆಕ್ಟ್ರಿಷಿಯನ್ ಕಂಡ. ಅಪಘಾತದ ನಂತರ ಅವನು ಬೈಕ್ ಮುಟ್ಟಿರಲಿಲ್ಲ. ಅವಳು ವ್ಯಾನ್ ನಿಲ್ಲಿಸಿದಳು.

"ವ್ಯಾನ್ ಹತ್ತು."

"ಬೇಡ ಅಕ್ಕ. ಬಸ್ ಬರತ್ತೆ."

ಅವಳು ಇಂಜಿನ್ ಆರಿಸಿ ಅವನ ಮುಖ ನೋಡಿದಳು. ಅವನ ಕೆನ್ನೆ ಒಳಗೆ ಹೋಗಿತ್ತು. ಗಡ್ಡದಲ್ಲಿ ಆ ವಯಸ್ಸಿಗೆ ಬರಬಾರದ ನರೆ. ಯಾವಾಗ ಬಂದಿತೋ. ಹಿಂದಿನ ಸೀಟಿನಲ್ಲಿ ಕೊಕ್ಕರೆ ಜಾಗ ಮಾಡಿಕೊಡಲು ಕಾಲು ಮಡಚಿಕೊಂಡ.

ಬಸ್ ಬಂತು. ವ್ಯಾನಿನ ಹಿಂದೆ ನಿಂತು ಬಾಗಿಲು ತೆರೆಯಿತು, ಎರಡು ಸಲ ಹಾರನ್ ಮಾಡಿತು, ಬಳಸಿಕೊಂಡು ಹೊರಟುಹೋಯಿತು. ಬಸ್ ಹತ್ತದೆ ನಿಂತಿದ್ದ ಅವನು ನೆಲ ನೋಡುತ್ತ, ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡ.